ಇನ್ಹೇಲರ್ ಹಿಡಿದರೆ ಬಿಡೋಕೇ ಆಗಲ್ವಾ? ಮಗಳ ಉಬ್ಬಸದ ಬಗ್ಗೆ ಒಬ್ಬ ತಾಯಿಯ ಪ್ರಶ್ನೆ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹಾಸನ ಜಿಲ್ಲೆ. ಮಗಳಿಗೆ 9 ವರ್ಷ, ತೂಕ 25 ಕೆಜಿ. ಮೂರು ವರ್ಷದಿಂದ ಮಳೆಗಾಲ ಶುರುವಾದರೆ ಸಾಕು, ಕೆಮ್ಮು, ಉಬ್ಬಸ. ರಾತ್ರಿ ಎರಡು ಮೂರು ಗಂಟೆಗೆ ಎದ್ದು ಕೂತುಬಿಡುತ್ತಾಳೆ. ತಿಂಗಳಿಗೊಮ್ಮೆಯಾದರೂ ಆಸ್ಪತ್ರೆಗೆ ಓಡಿ ನೆಬ್ಯುಲೈಸೇಷನ್ ಕೊಡಿಸಿಕೊಂಡು ಬರುತ್ತೇವೆ. ಈಗ ಹೊಸ ಡಾಕ್ಟರು ಎರಡು ಇನ್ಹೇಲರ್ ಬರೆದಿದ್ದಾರೆ. ಒಂದು ನೀಲಿ ಬಣ್ಣದ್ದು, ಸಾಲ್ಬುಟಮಾಲ್. ಅದನ್ನು ಹಾಕಿದರೆ ಐದು ನಿಮಿಷಕ್ಕೆ ಆರಾಮ. ಇನ್ನೊಂದು ಬುಡೆಸೊನೈಡ್ 100 ಮೈಕ್ರೊಗ್ರಾಂ, ಬೆಳಿಗ್ಗೆ ರಾತ್ರಿ ದಿನಾ ಹಾಕಬೇಕಂತೆ. ಹತ್ತು ದಿನ ಹಾಕಿದೆವು, ಏನೂ ವ್ಯತ್ಯಾಸ ಕಾಣಲಿಲ್ಲ. ಅದು ಸ್ಟೀರಾಯ್ಡ್ ಅಂತ ಯಾರೋ ಹೇಳಿದರು, ಹೆದರಿ ನಿಲ್ಲಿಸಿದೆವು. ಇನ್ಹೇಲರ್ ಒಮ್ಮೆ ಅಭ್ಯಾಸ ಆದರೆ ಸಾಯೋವರೆಗೂ ಬಿಡೋಕಾಗಲ್ಲ, ಹೆಣ್ಣು ಮಗು, ನಾಳೆ ಮದುವೆಗೆ ಕಷ್ಟ ಅಂತ ಅತ್ತೆ ಹೇಳುತ್ತಾರೆ. ಮೃಗಶಿರಕ್ಕೆ ಹೈದರಾಬಾದಿಗೆ ಹೋಗಿ ಮೀನಿನ ಔಷಧಿ ಕೊಡಿಸೋಣ ಅಂತಲೂ ಇದ್ದಾರೆ. ಏನು ಮಾಡಲಿ?

ಉತ್ತರ: ಅಮ್ಮಾ, ಮೊದಲು ಮುಖ್ಯವಾದ ಮಾತು ಹೇಳಿಬಿಡುತ್ತೇನೆ. ನೀವು ನಿಲ್ಲಿಸಿದ್ದೀರಲ್ಲ, ಅದೇ ನಿಮ್ಮ ಮಗಳ ಕಾಯಿಲೆಗೆ ಔಷಧಿ. ನೀಲಿ ಇನ್ಹೇಲರ್ ಆ ಹೊತ್ತಿನ ಕಷ್ಟ ಕಳೆಯುತ್ತದೆ, ಅಷ್ಟೇ. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಬುಡೆಸೊನೈಡ್ ನಿಲ್ಲಿಸಿದ್ದೆವು ಅಂತ ಮುಚ್ಚಿಡದೆ ಹೇಳಿ, ಮತ್ತೆ ಶುರು ಮಾಡಿ. ಯಾಕೆ ಅಂತ ಈಗ ವಿವರವಾಗಿ ಹೇಳುತ್ತೇನೆ.

ಅಸ್ತಮಾ ಇರುವ ಮಗುವಿನ ಉಸಿರಿನ ನಾಳಗಳ ಒಳಗೋಡೆ ಯಾವಾಗಲೂ ಸ್ವಲ್ಪ ಕೆಂಪಾಗಿ ಊದಿಕೊಂಡಿರುತ್ತದೆ. ಮಗು ಆರಾಮವಾಗಿ ಆಡಿಕೊಂಡಿರುವ ದಿನವೂ ಆ ಊತ ಒಳಗೆ ಇದ್ದೇ ಇರುತ್ತದೆ. ಹಾಗೆ ಊದಿದ ನಾಳಕ್ಕೆ ನೆಗಡಿಯ ವೈರಸ್ಸೋ, ಧೂಳೋ, ಹೊಗೆಯೋ, ತಣ್ಣನೆ ಗಾಳಿಯೋ ತಾಗಿದರೆ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ಒಳಗೆ ಕಫ ಕಟ್ಟುತ್ತದೆ. ಗಾಳಿ ಹೊರಗೆ ಬರುವಾಗ ಸುಯ್ ಎಂದು ಸಿಳ್ಳೆ ಹೊಡೆದ ಹಾಗೆ ಶಬ್ದ ಬರುತ್ತದೆ. ನಡುರಾತ್ರಿ ಕಳೆದ ಮೇಲೆ ಉಸಿರಿನ ನಾಳಗಳು ಸಹಜವಾಗಿಯೇ ಸ್ವಲ್ಪ ಕಿರಿದಾಗುತ್ತವೆ. ನಿಮ್ಮ ಮಗಳು ಎರಡು ಮೂರು ಗಂಟೆಗೆ ಎದ್ದು ಕೂರುವುದು ಅದಕ್ಕೇ.

ಸಾಲ್ಬುಟಮಾಲ್ ಆ ಬಿಗಿದ ಸ್ನಾಯುವನ್ನು ಸಡಿಲ ಮಾಡುತ್ತದೆ. ಐದು ನಿಮಿಷಕ್ಕೆ ಕೆಲಸ ಶುರು, ನಾಲ್ಕರಿಂದ ಆರು ಗಂಟೆಗೆ ಮುಗಿಯಿತು. ಊತವನ್ನು ಅದು ಮುಟ್ಟುವುದೇ ಇಲ್ಲ. ಬುಡೆಸೊನೈಡ್ ಇಳಿಸುವುದು ಊತವನ್ನು, ಅದೂ ನಿಧಾನವಾಗಿ. ಒಂದೆರಡು ವಾರಕ್ಕೆ ಗುಣ ಕಾಣಲು ಶುರುವಾಗುತ್ತದೆ, ಪೂರ್ತಿ ಫಲ ಸಿಗಲು ಎರಡು ಮೂರು ತಿಂಗಳು ಬೇಕು. ಹತ್ತು ದಿನಕ್ಕೆ ಏನೂ ಗೊತ್ತಾಗಲಿಲ್ಲ ಅಂದಿರಿ, ಗೊತ್ತಾಗುವ ಹೊತ್ತಿಗೆ ನಿಲ್ಲಿಸಿಬಿಟ್ಟಿದ್ದೀರಿ. ಇದು ತುಂಬಾ ಮನೆಗಳಲ್ಲಿ ಆಗುತ್ತದೆ. ತಕ್ಷಣ ಆರಾಮ ಕೊಡುವುದು ಒಳ್ಳೆ ಔಷಧಿ, ಏನೂ ಅನಿಸದ್ದು ಸುಮ್ನೆ ದುಡ್ಡು ದಂಡ ಅಂತ ಅನಿಸುವುದು ಸಹಜ, ಅಲ್ವಾ? ಅಸ್ತಮಾದಲ್ಲಿ ಮಾತ್ರ ಅದು ಉಲ್ಟಾ.

ಇನ್ನು ಸ್ಟೀರಾಯ್ಡ್ ಎಂಬ ಹೆದರಿಕೆ. ಇದನ್ನು ಲೆಕ್ಕ ಹಾಕಿಯೇ ನೋಡೋಣ. ನಿಮ್ಮ ಡಾಕ್ಟರು ಬರೆದಿರುವುದು ದಿನಕ್ಕೆ 200 ಮೈಕ್ರೊಗ್ರಾಂ. ಈ ವಯಸ್ಸಿಗೆ ಅದು ಕಡಿಮೆ ಡೋಸ್. ಸಾವಿರ ಮೈಕ್ರೊಗ್ರಾಂ ಸೇರಿದರೆ ಒಂದು ಮಿಲಿಗ್ರಾಂ, ಹಾಗಾಗಿ ವರ್ಷವಿಡೀ ಒಂದು ದಿನವೂ ಬಿಡದೆ ಹಾಕಿದರೂ ಒಟ್ಟು 73 ಮಿಲಿಗ್ರಾಂ. ಅದೇ ಮಗುವಿಗೆ ಉಬ್ಬಸ ಜೋರಾಗಿ ಆಸ್ಪತ್ರೆಗೆ ಹೋದರೆ ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಕೊಡುತ್ತಾರೆ, ಕೆಜಿಗೆ ಒಂದು ಮಿಲಿಗ್ರಾಂ ಲೆಕ್ಕದಲ್ಲಿ ಮೂರರಿಂದ ಐದು ದಿನ. 25 ಕೆಜಿ ಮಗುವಿಗೆ ಐದು ದಿನಕ್ಕೆ 125 ಮಿಲಿಗ್ರಾಂ ಆಯಿತು. ಅದೂ ಸ್ಟೀರಾಯ್ಡೇ, ಹೊಟ್ಟೆಗೆ ಹೋಗಿ ರಕ್ತದ ಮೂಲಕ ಮೈಯೆಲ್ಲ ಸುತ್ತುವ ಸ್ಟೀರಾಯ್ಡ್. ಎರಡೂ ಬೇರೆ ಬೇರೆ ಔಷಧಿ, ತೂಕಕ್ಕೆ ತೂಕ ನೋಡಿದರೆ ಬುಡೆಸೊನೈಡ್ ಜಾಸ್ತಿ ಚುರುಕಿನದು, ಹಾಗಾಗಿ ಈ ಲೆಕ್ಕವನ್ನು ತಕ್ಕಡಿಯಲ್ಲಿ ತೂಗಿದಷ್ಟು ನಿಖರ ಅಂದುಕೊಳ್ಳಬೇಡಿ. ಆದರೆ ಇನ್ಹೇಲರ್‌ನಿಂದ ಬಾಯಿಯಲ್ಲಿ ಉಳಿದು ಹೊಟ್ಟೆಗೆ ಹೋದ ಬುಡೆಸೊನೈಡ್‌ನ ಹತ್ತರಲ್ಲಿ ಒಂಬತ್ತು ಪಾಲನ್ನು ಲಿವರ್ ಮೊದಲ ಸುತ್ತಿನಲ್ಲೇ ಒಡೆದುಹಾಕುತ್ತದೆ. ಮೈಗೆ ತಾಗುವುದು ತೀರಾ ಕಡಿಮೆ. ಇನ್ಹೇಲರ್ ಸ್ಟೀರಾಯ್ಡ್ ಬೇಡ ಅಂತ ಬಿಟ್ಟ ಮಕ್ಕಳೇ ಕೊನೆಗೆ ಜಾಸ್ತಿ ಸ್ಟೀರಾಯ್ಡ್ ತಿನ್ನುವುದು. ವರ್ಷಕ್ಕೆ ಮೂರು ನಾಲ್ಕು ಸಲ ಬಾಟಲಿ ಲೆಕ್ಕದಲ್ಲಿ ಸಿರಪ್ಪು ಕುಡಿದು ಬರುವ ಮಕ್ಕಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸಾಲ್ಬುಟಮಾಲ್ ಲೆಕ್ಕವೂ ಹೀಗೇ. ಒಂದು ಪಫ್‌ನಲ್ಲಿ, ಅಂದರೆ ಇನ್ಹೇಲರ್ ಒಂದು ಸಲ ಒತ್ತಿದರೆ, 100 ಮೈಕ್ರೊಗ್ರಾಂ. ಕೆಮ್ಮಿನ ಸಿರಪ್ ರೂಪದಲ್ಲಿ ಕೊಟ್ಟರೆ ಐದು ಎಂಎಲ್‌ಗೆ 2 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಫ್‌ಗೆ ಸಮ. ಸಿರಪ್ ಕುಡಿದ ಮಗುವಿನ ಕೈ ನಡುಗುವುದು, ಎದೆ ಡಬಡಬ ಹೊಡೆದುಕೊಳ್ಳುವುದು ಅದಕ್ಕೇ. ನೆಬ್ಯುಲೈಸರ್‌ನಲ್ಲಿ ಹಾಕುವುದೂ ಬೇರೆ ಏನಲ್ಲ, ಅದೇ ಸಾಲ್ಬುಟಮಾಲ್, ಸಾಮಾನ್ಯವಾಗಿ 2.5 ಮಿಲಿಗ್ರಾಂ. ಅದರಲ್ಲಿ ತುಂಬಾ ಪಾಲು ಮಾಸ್ಕಿನಿಂದ ಹೊಗೆಯಾಗಿ ಹೊರಗೆ ಹೋಗುತ್ತದೆ. ಸಾಧಾರಣ ಮಟ್ಟದ ಉಬ್ಬಸಕ್ಕೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಹಚ್ಚಿದ ಇನ್ಹೇಲರ್ ನೆಬ್ಯುಲೈಸರ್‌ನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಕಣ್ಣು ಕೆಂಪಾದರೆ ಕಣ್ಣಿಗೇ ಹನಿ ಬಿಡುತ್ತೇವೆ. ಶ್ವಾಸಕೋಶಕ್ಕೆ ನೇರವಾಗಿ ಔಷಧಿ ಬಿಡುವುದು ಇನ್ಹೇಲರ್.

ಮಗಳು ಕುಳ್ಳಗಾಗುತ್ತಾಳಾ ಅಂತ ನೀವು ಕೇಳಿಲ್ಲ, ಆದರೆ ಗೂಗಲ್ ಮಾಡಿದರೆ ಅದೇ ಮೊದಲು ಸಿಗುತ್ತದೆ. ಹಾಗಾಗಿ ನಾನೇ ಹೇಳುತ್ತೇನೆ. ಉತ್ತರ ಅಮೆರಿಕದಲ್ಲಿ 5ರಿಂದ 13 ವರ್ಷದ ಮಕ್ಕಳಿಗೆ ನಾಲ್ಕರಿಂದ ಆರು ವರ್ಷ ದಿನಕ್ಕೆ 400 ಮೈಕ್ರೊಗ್ರಾಂ ಬುಡೆಸೊನೈಡ್ ಕೊಟ್ಟು, ಅವರು ದೊಡ್ಡವರಾದ ಮೇಲೆ ಎತ್ತರ ಅಳೆದರು. 2012ರಲ್ಲಿ ಫಲಿತಾಂಶ ಬಂತು. ಔಷಧಿ ಇಲ್ಲದ ಇನ್ಹೇಲರ್ ಪಡೆದವರಿಗಿಂತ ಇವರು ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಇದ್ದರು. ಆ ವ್ಯತ್ಯಾಸ ಶುರುವಿನ ವರ್ಷಗಳಲ್ಲೇ ಬಂದದ್ದು, ಆಮೇಲೆ ವರ್ಷವರ್ಷಕ್ಕೆ ಬೆಳೆಯುತ್ತಾ ಹೋಗಲಿಲ್ಲ. ನಿಮ್ಮ ಮಗಳ ಡೋಸ್ ಅದರ ಅರ್ಧ. ಇನ್ನೊಂದು ಕಡೆ, ರಾತ್ರಿ ನಿದ್ದೆ ಇಲ್ಲದೆ, ಊಟ ಸೇರದೆ, ಮೇಲಿಂದ ಮೇಲೆ ಸಿರಪ್ ಕುಡಿಯುವ ಮಗುವಿನ ಬೆಳವಣಿಗೆಗೂ ಪೆಟ್ಟು ಬೀಳುತ್ತದೆ. ಆರು ತಿಂಗಳಿಗೊಮ್ಮೆ ಎತ್ತರ ಅಳೆಸಿ ಬರೆದಿಡಿ, ಸಾಕು.

ಅಭ್ಯಾಸದ ಮಾತಿಗೆ ಬರುತ್ತೇನೆ. ಚಟ ಹಿಡಿಸುವ ಯಾವ ಪದಾರ್ಥವೂ ಈ ಎರಡರಲ್ಲೂ ಇಲ್ಲ. ಆದರೆ ನಿಮ್ಮ ಅತ್ತೆಯವರು ಸುಮ್ನೆ ಹೇಳುತ್ತಿಲ್ಲ, ಕಣ್ಣಾರೆ ನೋಡಿದ್ದನ್ನೇ ಹೇಳುತ್ತಿದ್ದಾರೆ ಅನಿಸುತ್ತದೆ. ನೀಲಿ ಇನ್ಹೇಲರನ್ನೇ ಜೇಬಿನಲ್ಲಿಟ್ಟುಕೊಂಡು, ಮೊದಲು ದಿನಕ್ಕೆರಡು ಸಲ, ಆಮೇಲೆ ಆರು ಸಲ, ಕೊನೆಗೆ ಅದಿಲ್ಲದೆ ಹೆಜ್ಜೆ ಇಡಲಾಗದ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ಆದದ್ದು ಚಟವಲ್ಲ. ಊತಕ್ಕೆ ಔಷಧಿ ಸಿಗದೆ ಕಾಯಿಲೆ ಬೆಳೆಯಿತು, ಬೆಳೆದಷ್ಟೂ ನೀಲಿ ಇನ್ಹೇಲರ್ ಜಾಸ್ತಿ ಬೇಕಾಯಿತು. ನಿಜವಾದ ಅಪಾಯ ಇರುವುದು ಇಲ್ಲೇ. ಬ್ರಿಟನ್ನಿನಲ್ಲಿ ಅಸ್ತಮಾದಿಂದ ಸತ್ತ 195 ಜನರ ದಾಖಲೆ ತೆಗೆದು ಒಂದೊಂದಾಗಿ ಪರಿಶೀಲಿಸಿದ ವರದಿ 2014ರಲ್ಲಿ ಬಂತು. ನೀಲಿ ಇನ್ಹೇಲರ್ ಬಳಸುತ್ತಿದ್ದವರಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಜನ ಹಿಂದಿನ ಒಂದೇ ವರ್ಷದಲ್ಲಿ 12ಕ್ಕಿಂತ ಜಾಸ್ತಿ ಇನ್ಹೇಲರ್ ಬರೆಸಿಕೊಂಡಿದ್ದರು. ಊತ ಇಳಿಸುವ ಔಷಧಿಯನ್ನು ಮಾತ್ರ ಬಹಳ ಜನ ಸಾಕಷ್ಟು ತೆಗೆದುಕೊಂಡಿರಲಿಲ್ಲ. ಅಸ್ತಮಾಗೆ ಜಾಗತಿಕ ಮಾರ್ಗಸೂಚಿ ಕೊಡುವ ಗೀನಾ ಸಂಸ್ಥೆ 2019ರಿಂದ ದೊಡ್ಡವರಿಗೂ ಹದಿಹರೆಯದವರಿಗೂ ನೀಲಿ ಇನ್ಹೇಲರ್ ಒಂದನ್ನೇ ಕೊಡಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತಿದೆ. ನಿಮ್ಮ ಮಗಳಿಗೆ ವಾರಕ್ಕೆ ಎರಡು ದಿನಕ್ಕಿಂತ ಜಾಸ್ತಿ ನೀಲಿ ಇನ್ಹೇಲರ್ ಬೇಕಾಗುತ್ತಿದ್ದರೆ, ಅಥವಾ ರಾತ್ರಿ ಕೆಮ್ಮಿ ಎಚ್ಚರವಾಗುತ್ತಿದ್ದರೆ, ಕಾಯಿಲೆ ಹತೋಟಿಯಲ್ಲಿಲ್ಲ ಎಂದೇ ಅರ್ಥ.

ಅಂದ ಹಾಗೆ, ಈ ಕೈಯಲ್ಲಿ ಹಿಡಿಯುವ ಸ್ಪ್ರೇ ಇನ್ಹೇಲರ್ ಹುಟ್ಟಿದ್ದು ಒಂದು ಹುಡುಗಿಯ ಪ್ರಶ್ನೆಯಿಂದ. ಅಮೆರಿಕದ ರೈಕರ್ ಲ್ಯಾಬೊರೇಟರೀಸ್‌ನ ಮುಖ್ಯಸ್ಥರಾಗಿದ್ದ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳು ಸೂಸಿಗೆ ಅಸ್ತಮಾ ಇತ್ತು. ಆಗೆಲ್ಲ ಗಾಜಿನ ನೆಬ್ಯುಲೈಸರ್, ರಬ್ಬರ್ ಬಲ್ಬ್ ಒತ್ತಬೇಕು, ಕೈತಪ್ಪಿದರೆ ಒಡೆಯುತ್ತಿತ್ತು. ನನ್ನ ಔಷಧಿಯನ್ನೂ ಹೇರ್ ಸ್ಪ್ರೇ ಥರ ಡಬ್ಬಿಯಲ್ಲಿ ಯಾಕೆ ಹಾಕಬಾರದು ಅಂತ ಅವಳು ಅಪ್ಪನನ್ನು ಕೇಳಿದಳು. 1956ರಲ್ಲಿ ಅದು ಮಾರುಕಟ್ಟೆಗೆ ಬಂತು. ಕೊನೆಗಾಲದ ಔಷಧಿ ಅಂತ ನಾವು ಹೆದರುವ ವಸ್ತು, ಶಾಲೆಗೆ ಹೋಗುವ ಮಗುವಿಗೆ ಅನುಕೂಲವಾಗಲಿ ಅಂತಲೇ ಮಾಡಿದ್ದು.

ಈಗ ಔಷಧಿಯಷ್ಟೇ ಮುಖ್ಯವಾದ ವಿಷಯ: ಹಾಕುವ ಕ್ರಮ. ನಿಮ್ಮ ಪತ್ರದಲ್ಲಿ ಸ್ಪೇಸರ್ ಸುದ್ದಿಯೇ ಇಲ್ಲ. ಇಲ್ಲದಿದ್ದರೆ ಇವತ್ತೇ ಕೊಳ್ಳಿ. ಸ್ಪ್ರೇಯನ್ನು ನೇರವಾಗಿ ಬಾಯಿಗೆ ಹೊಡೆದರೆ ಬಹುಪಾಲು ಗಂಟಲಿಗೆ ಬಡಿದು ಅಲ್ಲೇ ಕೂರುತ್ತದೆ. ಸ್ಪೇಸರ್ ಅಂದರೆ ಒಂದು ಪ್ಲಾಸ್ಟಿಕ್ ಕೊಳವೆ. ಔಷಧಿಯ ಮಂಜು ಅದರೊಳಗೆ ನಿಂತಿರುತ್ತದೆ, ಮಗು ನಿಧಾನವಾಗಿ ಎಳೆದುಕೊಳ್ಳಬಹುದು. ಒಂಬತ್ತು ವರ್ಷದವಳಿಗೆ ಮಾಸ್ಕ್ ಬೇಡ, ಬಾಯಿಗೆ ಇಟ್ಟುಕೊಳ್ಳುವ ತುದಿಯೇ ಸಾಕು.

ಮಗಳನ್ನು ನೆಟ್ಟಗೆ ಕೂರಿಸಿ. ಇನ್ಹೇಲರ್ ಮುಚ್ಚಳ ತೆಗೆದು, ನಾಲ್ಕೈದು ಸಲ ಚೆನ್ನಾಗಿ ಕುಲುಕಿ ಸ್ಪೇಸರ್‌ಗೆ ಸಿಕ್ಕಿಸಿ. ಅವಳು ಉಸಿರು ಹೊರಗೆ ಬಿಡಲಿ. ಸ್ಪೇಸರ್ ತುದಿಯನ್ನು ಹಲ್ಲಿನ ನಡುವೆ ಇಟ್ಟು, ಸುತ್ತಲೂ ಗಾಳಿ ಹೋಗದ ಹಾಗೆ ತುಟಿ ಮುಚ್ಚಲಿ. ಈಗ ಒಂದೇ ಒಂದು ಸಲ ಒತ್ತಿ. ಅವಳು ನಿಧಾನವಾಗಿ, ಆಳವಾಗಿ ಎಳೆದುಕೊಂಡು, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತಾ ಉಸಿರು ಹಿಡಿಯಬೇಕು. ಕೆಮ್ಮು ಬಂದು ಹಿಡಿಯಲಾಗದಿದ್ದರೆ ಸ್ಪೇಸರ್‌ನಲ್ಲೇ ಐದಾರು ಸಲ ಮಾಮೂಲಿಯಾಗಿ ಉಸಿರಾಡಿದರೂ ನಡೆಯುತ್ತದೆ. ಎರಡನೇ ಪಫ್ ಇದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮತ್ತೆ ಒಂದೇ ಸಲ ಒತ್ತಿ. ಎರಡು ಪಫ್ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಅಂಟಿ ಗೋಡೆಗೆ ಕೂರುತ್ತವೆ, ಔಷಧಿ ವ್ಯರ್ಥ. ಬುಡೆಸೊನೈಡ್ ಹಾಕಿದ ಮೇಲೆ ಬಾಯಿ ಮುಕ್ಕಳಿಸಿ ಉಗಿಯುವುದನ್ನು ಮಾತ್ರ ತಪ್ಪಿಸಬೇಡಿ. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಸಿನ ಹಾಗೆ ಫಂಗಸ್ ಕಟ್ಟಬಹುದು, ದನಿ ಒಡೆಯಬಹುದು. ಹಲ್ಲುಜ್ಜುವುದಕ್ಕೆ ಮೊದಲು ಹಾಕುವ ರೂಢಿ ಮಾಡಿದರೆ ಮರೆಯುವ ಪ್ರಶ್ನೆಯೇ ಇಲ್ಲ.

ಸ್ಪೇಸರನ್ನು ಬಟ್ಟೆಯಿಂದ ಒರೆಸಬೇಡಿ. ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧಿಯನ್ನೆಲ್ಲ ಗೋಡೆಗೆ ಎಳೆದುಕೊಳ್ಳುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದು, ಹಾಗೇ ಒಣಗಲು ಬಿಡಿ. ಊರಿನಲ್ಲಿ ಸ್ಪೇಸರ್ ಸಿಗದೆ ಕೈಕಟ್ಟಿಹೋದರೆ ಅರ್ಧ ಲೀಟರಿನ ನೀರಿನ ಬಾಟಲಿಯೂ ಆಗುತ್ತದೆ. ತಳದಲ್ಲಿ ಇನ್ಹೇಲರ್ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿದರೆ ಸಾಕು. ದಕ್ಷಿಣ ಆಫ್ರಿಕಾದ ಕೇಪ್ ಟೌನಿನಲ್ಲಿ ಮಕ್ಕಳ ವೈದ್ಯೆ ಹೀದರ್ ಝಾರ್ ಮತ್ತು ಸಂಗಡಿಗರು 1999ರಲ್ಲಿ ಇದನ್ನು ಪರೀಕ್ಷಿಸಿ, ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಇನ್ಹೇಲರ್ ಬಣ್ಣವನ್ನೇ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹೆಸರು ಓದಿ.

ಮನೆಯ ವಿಷಯಕ್ಕೆ ಬಂದರೆ, ಹೊಗೆಗೆ ಮೊದಲ ಏಟು ಹಾಕಿ. ಸೊಳ್ಳೆ ಬತ್ತಿ ಬೇಡವೇ ಬೇಡ, ಸೊಳ್ಳೆಪರದೆ ಕಟ್ಟಿ. ಊದುಬತ್ತಿ, ಧೂಪ ಮಗಳು ಮಲಗುವ ಕೋಣೆಯಲ್ಲಿ ಬೇಡ. ದೇವರಿಗೆ ತುಪ್ಪದ ದೀಪ ಹಚ್ಚಿದರೂ ಪೂಜೆ ಪೂಜೆಯೇ. ಬಚ್ಚಲ ಒಲೆಗೆ ಸೌದೆ ಹಾಕುವ ಹೊತ್ತಿಗೆ ಮಗು ಅಲ್ಲಿರದಿರಲಿ. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ ನಿಲ್ಲಿಸಲೇಬೇಕು, ಹೊರಗೆ ಹೋಗಿ ಸೇದಿ ಬಂದರೂ ಬಟ್ಟೆಯಲ್ಲಿ ಬರುತ್ತದೆ. ಹಾಸಿಗೆ ಬಟ್ಟೆ, ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಗೋಡೆಗೆ ಬೂಸು ಹಿಡಿದಿದ್ದರೆ ಅದೂ ಒಂದು ಕಾರಣ, ಉಜ್ಜಿ ತೆಗೆಸಿ. ಕಾಂಗ್ರೆಸ್ ಗಿಡ ಹೂ ಬಿಟ್ಟಿರುವ ಬಯಲಿನಲ್ಲಿ ಆಡಲು ಬಿಡಬೇಡಿ. ಬಾಳೆಹಣ್ಣು, ಮೊಸರು, ಕಿತ್ತಳೆ ಎಲ್ಲ ಶೀತ ಅಂತ ನಿಲ್ಲಿಸುತ್ತಾರೆ. ತಿಂದ ಪ್ರತಿ ಸಲವೂ ಉಬ್ಬಸ ಬರುತ್ತದೆ ಅಂತ ನೀವೇ ಗಮನಿಸಿದ್ದರೆ ಬಿಡಿ, ಇಲ್ಲದಿದ್ದರೆ ಧಾರಾಳವಾಗಿ ಕೊಡಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ.

ನೆಗಡಿ ಕೆಮ್ಮಿಗೆ ಅಂತ ಮಾಂಟೆಲುಕಾಸ್ಟ್ ಇರುವ ಸಿರಪ್ ಅಥವಾ ಮಾತ್ರೆ ಕೊಡುತ್ತಿದ್ದೀರಾ? ನಮ್ಮಲ್ಲಿ ಬಹಳ ಬರೆಯುತ್ತಾರೆ. ಕೆಲವು ಮಕ್ಕಳಿಗೆ ಉಪಯೋಗವಿದೆ, ಆದರೆ ಬುಡೆಸೊನೈಡ್‌ಗೆ ಅದು ಸಮವಲ್ಲ. ಕೆಟ್ಟ ಕನಸು, ಸಿಡಿಮಿಡಿ, ಮಂಕು, ಇಂಥ ಬದಲಾವಣೆ ಕೆಲವು ಮಕ್ಕಳಲ್ಲಿ ಕಂಡದ್ದರಿಂದ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2020ರಲ್ಲಿ ಅದರ ಮೇಲೆ ಗಟ್ಟಿ ಎಚ್ಚರಿಕೆ ಹಾಕಿಸಿತು. ಹಾಗೇನಾದರೂ ಕಂಡರೆ ಡಾಕ್ಟರಿಗೆ ಹೇಳಿ.

ಹೈದರಾಬಾದಿನ ಮೀನಿನ ವಿಷಯ. ಬತ್ತಿನಿ ಕುಟುಂಬದವರು ಮೃಗಶಿರದ ದಿನ ಜೀವಂತ ಮೀನಿನ ಮರಿಯ ಬಾಯಿಗೆ ಹಳದಿ ಮುದ್ದೆ ಇಟ್ಟು ನುಂಗಿಸುತ್ತಾರೆ, ಕರ್ನಾಟಕದಿಂದಲೂ ಜನ ಹೋಗುತ್ತಾರೆ. ನಿಮ್ಮ ಅತ್ತೆಯವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಅದರಿಂದ ಅಸ್ತಮಾ ವಾಸಿಯಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಮುದ್ದೆಯಲ್ಲಿ ಏನಿದೆ ಅಂತ ಅವರು ಹೇಳುವುದೂ ಇಲ್ಲ. ಒದ್ದಾಡುವ ಮೀನು ಉಸಿರು ಕಟ್ಟುವ ಮಗುವಿನ ಗಂಟಲಿಗೆ ಇಳಿಯುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಮೀನು ನುಂಗಿದ ನಂಬಿಕೆಯಲ್ಲಿ ಇನ್ಹೇಲರ್ ನಿಲ್ಲಿಸಿಬಿಡುತ್ತಾರೆ, ಅದೂ ಮಳೆಗಾಲ ಶುರುವಾಗುವ ಹೊತ್ತಿಗೇ. ಹೋಗಬೇಡಿ ಎಂಬುದೇ ನನ್ನ ಸಲಹೆ. ಪ್ರಾಣಾಯಾಮ, ಯೋಗ ಮಾಡಿಸಿ, ಒಳ್ಳೆಯದು; ಔಷಧಿಯ ಜೊತೆಗೆ, ಔಷಧಿಯ ಬದಲಿಗೆ ಅಲ್ಲ.

ಜೋರಾಗಿ ಉಬ್ಬಸ ಬಂದಾಗ ಏನು ಮಾಡಬೇಕು ಅಂತ ಅಡುಗೆಮನೆ ಗೋಡೆಗೆ ಬರೆದು ಅಂಟಿಸಿ. ಮಲಗಿಸಬೇಡಿ, ಕೂರಿಸಿ. ನೀಲಿ ಇನ್ಹೇಲರ್ ಸ್ಪೇಸರ್ ಮೂಲಕ ಒಂದೊಂದಾಗಿ ನಾಲ್ಕು ಪಫ್, ಪ್ರತಿಯೊಂದಕ್ಕೂ ನಾಲ್ಕಾರು ಉಸಿರು. ನಾಲ್ಕು ನಿಮಿಷ ನೋಡಿ. ಇಳಿಯದಿದ್ದರೆ ಮತ್ತೆ ನಾಲ್ಕು. ಆಗಲೂ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ, ಅಥವಾ ಸಿಕ್ಕ ಗಾಡಿ ಹತ್ತಿ, ದಾರಿಯಲ್ಲೂ ಹಾಗೇ ಪಫ್ ಕೊಡುತ್ತಾ ಹೋಗಿ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿದ್ದರೆ, ತುಟಿ ನೀಲಿಯಾಗುತ್ತಿದ್ದರೆ, ಮಗು ತೂಕಡಿಸುತ್ತಿದ್ದರೆ ಕಾಯಲೇಬೇಡಿ. ಇನ್ನೊಂದು ಗೊತ್ತಿರಲಿ: ಸುಯ್ ಶಬ್ದ ಇದ್ದಕ್ಕಿದ್ದಂತೆ ನಿಂತು ಮಗು ಸುಸ್ತಾಗಿ ಸುಮ್ಮನಾದರೆ ಅದು ಗುಣವಲ್ಲ, ಗಾಳಿಯೇ ಓಡಾಡುತ್ತಿಲ್ಲ ಎಂದು.

ಎಷ್ಟು ದಿನ ಹಾಕಬೇಕು? ಮೂರು ತಿಂಗಳು ಪೂರ್ತಿ ಹತೋಟಿಯಲ್ಲಿದ್ದರೆ ಡಾಕ್ಟರು ಡೋಸ್ ಇಳಿಸುವ ಯೋಚನೆ ಮಾಡುತ್ತಾರೆ, ಮಳೆಗಾಲದ ಬಾಗಿಲಲ್ಲಿ ಮಾತ್ರ ಇಳಿಸುವುದಿಲ್ಲ. ಹದಿಹರೆಯ ದಾಟುವಾಗ ಎಷ್ಟೋ ಮಕ್ಕಳಿಗೆ ಉಬ್ಬಸ ತಾನಾಗಿ ಕಡಿಮೆಯಾಗುತ್ತದೆ. ಚರ್ಮದ ಅಲರ್ಜಿ, ದಿನಾ ಸೀನು, ಮನೆಯಲ್ಲಿ ಬೇರೆಯವರಿಗೂ ಅಸ್ತಮಾ ಇದ್ದರೆ ಮುಂದುವರಿಯುವ ಸಾಧ್ಯತೆ ಜಾಸ್ತಿ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬರುತ್ತಿದ್ದ ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ನೂರಕ್ಕೆ 9 ಮಕ್ಕಳಿಗೆ ಅಸ್ತಮಾ, 1999ಕ್ಕೆ 29.5. ಆ ಮಕ್ಕಳೆಲ್ಲ ಈಗ ದೊಡ್ಡವರು. ಕೆಲಸ ಮಾಡುತ್ತಿದ್ದಾರೆ, ಮದುವೆಯಾಗಿದ್ದಾರೆ, ಅವರಿಗೂ ಮಕ್ಕಳಿದ್ದಾರೆ. ಅಮೆರಿಕದ ಈಜುಗಾರ್ತಿ ಏಮಿ ವ್ಯಾನ್ ಡೈಕನ್ ಚಿಕ್ಕಂದಿನಿಂದ ಅಸ್ತಮಾ ಇದ್ದವರು, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದರು. ನಿಮ್ಮ ಮಗಳನ್ನು ಪಿಟಿ ಪೀರಿಯಡ್‌ನಲ್ಲಿ ಮೂಲೆಯಲ್ಲಿ ಕೂರಿಸಬೇಡಿ. ಓಡಿದರೆ ಕೆಮ್ಮು ಬರುತ್ತದೆ ಅಂದರೆ ಡಾಕ್ಟರನ್ನು ಕೇಳಿ, ಆಟಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಎರಡು ಪಫ್ ನೀಲಿ ಇನ್ಹೇಲರ್ ಹಾಕಿಸಬಹುದು.

ಇನ್ನು ಒಂದು ತಿಂಗಳಿಗೆ ಡಾಕ್ಟರ ಹತ್ತಿರ ಹೋಗುವಾಗ ಎರಡೂ ಇನ್ಹೇಲರ್, ಸ್ಪೇಸರ್, ಜೊತೆಗೆ ಒಂದು ನೋಟ್‌ಬುಕ್ ಇರಲಿ. ಯಾವ ರಾತ್ರಿ ಕೆಮ್ಮು ಬಂತು, ಯಾವ ದಿನ ನೀಲಿ ಇನ್ಹೇಲರ್ ಎಷ್ಟು ಪಫ್ ಬೇಕಾಯಿತು ಅಂತ ಅದರಲ್ಲಿ ಬರೆದಿಡಿ. ಅವರ ಎದುರಿಗೇ ಮಗಳು ಹಾಕಿ ತೋರಿಸಲಿ. ಇಲ್ಲಿಯವರೆಗೆ ಮಾಡಿಸದಿದ್ದರೆ ಸ್ಪೈರೋಮೆಟ್ರಿ, ಅಂದರೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ, ಮಾಡಿ ನೋಡಿ ಅಂತ ಕೇಳಿ, ಈ ವಯಸ್ಸಿನ ಮಕ್ಕಳು ಚೆನ್ನಾಗಿಯೇ ಊದುತ್ತಾರೆ. ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಅವರ ಅನುಮಾನಗಳನ್ನು ಅವರೇ ಕೇಳಲಿ. ಉಬ್ಬಸ ಬಂದರೆ ಏನು ಮಾಡಬೇಕೆಂದು ಡಾಕ್ಟರ ಕೈಯಿಂದಲೇ ಒಂದು ಚೀಟಿ ಬರೆಸಿಕೊಂಡು, ಅದರ ಒಂದು ಪ್ರತಿಯನ್ನು ಕ್ಲಾಸ್ ಟೀಚರಿಗೆ ಕೊಡಿ. ನೀಲಿ ಇನ್ಹೇಲರ್ ಶಾಲೆಯ ಬ್ಯಾಗಿನ ಮುಂದಿನ ಜಿಪ್ಪಿನಲ್ಲಿರಲಿ.